ಕಾಂಕೋರ್ಡ್ ಚೌಕದ ಮೌನ

ಪ್ಯಾರಿಸಿನ ಕಾಂಕೋರ್ಡ್ ಚೌಕದ ಚೆಲುವನ್ನು ಕುರಿತು ನನ್ನ ತಕರಾರಿಲ್ಲ. ಅದರ ವೈಶಾಲ್ಯ, ಕಾರಂಜಿಗಳು, ಉತ್ತರದಲ್ಲಿ ಶಿಲ್ಪಿ ಗೇಬ್ರಿಯಲ್ ರೂಪಿಸಿದ ಜೋಡಿಸೌಧಗಳು ಹೊಗಳಿಕೆಗೆ ತಕ್ಕವೇ. ಆದರೆ ಚೌಕವೊಂದು ಏನನ್ನು ನೆನೆಯುತ್ತದೆ, ಏನನ್ನು ನುಂಗಿಕೊಳ್ಳುತ್ತದೆ ಎಂಬುದನ್ನೂ ವಿಮರ್ಶಕನು ಕೇಳಬೇಕಷ್ಟೆ.

1763ರಲ್ಲಿ ಇಲ್ಲಿ ಹದಿನೈದನೆಯ ಲೂಯಿಯ ಅಶ್ವಾರೂಢ ಪ್ರತಿಮೆ ನಿಂತಿತು. ಚೌಕಕ್ಕೂ ಅವನದೇ ಹೆಸರು. 1792ರಲ್ಲಿ ಪ್ರತಿಮೆ ಉರುಳಿತು, ಹೆಸರು ಕ್ರಾಂತಿಚೌಕವೆಂದಾಯಿತು. 1793ರ ಜನವರಿ 21ರಂದು ಹದಿನಾರನೆಯ ಲೂಯಿಯ ಶಿರಚ್ಛೇದ ಇಲ್ಲಿಯೇ ನಡೆಯಿತು. ಅಕ್ಟೋಬರಿನಲ್ಲಿ ರಾಣಿ ಮಾರಿ ಆಂತ್ವಾನೆತ್‌ಳದು. ಮರುವರ್ಷ ಜುಲೈಯಲ್ಲಿ ರೊಬೆಸ್‌ಪಿಯರನದು. ಗಿಲೊಟಿನ್ನಿಗೆ ಇಲ್ಲಿ ಬಲಿಯಾದವರು ಸಾವಿರಕ್ಕೂ ಹೆಚ್ಚು. 1795ರಲ್ಲಿ ಅದೇ ನೆಲಕ್ಕೆ 'ಸಾಮರಸ್ಯ' ಎಂಬರ್ಥದ ಈಗಿನ ಹೆಸರು ಬಂತು. ಅರಸರು ಮರಳಿದಾಗ ಅದು ಹೋಗಿ, 1830ರ ಕ್ರಾಂತಿಯ ತರುವಾಯ ಮತ್ತೆ ಬಂತು.

ನಡುವೆ ಏನನ್ನು ನಿಲ್ಲಿಸುವುದು? ಅರಸನನ್ನು ನಿಲ್ಲಿಸಿದರೆ ಪ್ರಜಾಪಕ್ಷಕ್ಕೆ ಕೋಪ, ಕ್ರಾಂತಿಯ ಸ್ಮಾರಕವನ್ನು ನಿಲ್ಲಿಸಿದರೆ ರಾಜಪಕ್ಷಕ್ಕೆ. ದೊರೆ ಲೂಯಿ ಫಿಲಿಪ್ ಜಾಣನು. ಈಜಿಪ್ಟಿನ ಮಹಮ್ಮದಾಲಿ ಕಾಣಿಕೆಯಿತ್ತ, ಮೂರು ಸಾವಿರ ವರ್ಷಕ್ಕೂ ಹಳೆಯದಾದ ಲಕ್ಸರಿನ ಕಲ್ಲುಕಂಬವನ್ನು 1836ರಲ್ಲಿ ಅಲ್ಲಿ ಎತ್ತಿಸಿದನು. ಫ್ರಾನ್ಸಿನ ಜಗಳಗಳಿಗೂ ಆ ಕಲ್ಲಿಗೂ ಸಂಬಂಧವಿಲ್ಲ. ಅದೇ ಅದರ ಯೋಗ್ಯತೆ! ಆ ಕಂಬವನ್ನು ಯಾವ ಯಂತ್ರಗಳಿಂದ ಎತ್ತಿದರೆಂಬ ಚಿತ್ರವನ್ನು ಪೀಠದ ಮೇಲೆ ಕೆತ್ತಿ ಚಿನ್ನ ಹಚ್ಚಿದ್ದಾರೆ. ಕಂಬ ಎದ್ದ ಬಗೆಯನ್ನು ಹೇಳುವ ಪೀಠ, ಅಲ್ಲಿ ಬಿದ್ದವರ ವಿಚಾರದಲ್ಲಿ ಮೂಕ. ಅತ್ತ ಲಕ್ಸರಿನ ದೇವಾಲಯದ ಬಾಗಿಲಲ್ಲಿ ಜೊತೆಯ ಕಂಬ ಇಂದಿಗೂ ಒಂಟಿ.

ಕೊಂದವರ ಮಕ್ಕಳೂ ಸತ್ತವರ ಮಕ್ಕಳೂ ಒಂದೇ ಊರಿನಲ್ಲಿ ಬಾಳಬೇಕಾದಾಗ ಮರೆವೂ ಒಂದು ಔಷಧವೆನ್ನುವವರುಂಟು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಗಾಯ ಹಸಿಯಾಗಿರುವಾಗ ಮೌನ ವಿವೇಕವೇ. ಆದರೆ ಆ ಮೌನವನ್ನೇ ಶಾಶ್ವತವಾಗಿ ಕಲ್ಲಿನಲ್ಲಿ ನಿಲ್ಲಿಸಿದರೆ ಅದು ಸಾಮರಸ್ಯವಲ್ಲ, ಮುಂದೂಡಿಕೆ.

ಜನ ಈ ಮೌನವನ್ನು ಪೂರ್ತಿ ಒಪ್ಪಲೂ ಇಲ್ಲ. ಚೌಕದ ಅಂಚಿನಲ್ಲಿ ಫ್ರಾನ್ಸಿನ ಎಂಟು ನಗರಗಳ ಹೆಸರಿನ ಸ್ತ್ರೀಪ್ರತಿಮೆಗಳಿವೆ. 1871ರಲ್ಲಿ ಸ್ಟ್ರಾಸ್‌ಬರ್ಗ್ ಜರ್ಮನಿಯ ಪಾಲಾದಾಗ ಅದರ ಪ್ರತಿಮೆಗೆ ಕರಿಯ ಬಟ್ಟೆ ಹೊದಿಸಿ, ಹೂವಿನ ಹಾರ ಹಾಕಿದರು. 1918ರಲ್ಲಿ ಆ ನಗರ ಮರಳುವವರೆಗೂ ಆ ಶೋಕ ಸಾಗಿತು. ಕೇವಲ ಅಲಂಕಾರದ ಕಲ್ಲು ಜನರ ದುಃಖದಿಂದ ಸ್ಮಾರಕವಾಯಿತು. ಅಲ್ಲಿಯೂ ಅವರು ನೆನೆದದ್ದು ಪರರು ಮಾಡಿದ ಗಾಯವನ್ನು. ತಾವೇ ಮಾಡಿಕೊಂಡ ಗಾಯದ ನಡುಮಧ್ಯದಲ್ಲಿ ನಿಂತಿರುವುದು ಎರವಿನ ಕಂಬ. ಚೌಕದ ಚೆಲುವಿಗೆ ಪೂರ್ಣಾಂಕ ಕೊಡುತ್ತೇನೆ. ಅದರ ಹೆಸರಿಗೆ ಕೊಡಲು ನನ್ನ ಮನಸ್ಸು ಒಪ್ಪದು.