ಹಾಫ್ ಕೆಂಪಯ್ಯ

ಕೆಂಪಯ್ಯ ಎಂದು ಕೂಗಿದರೆ ಯಳಂದೂರಿನಲ್ಲಿ ಬೀದಿಗೊಬ್ಬರು ಓಗೊಡುತ್ತಾರೆ. ಆದರೆ ಎರಡು ಒಲಿಂಪಿಕ್ಸ್ ಕಂಡ ಫುಟ್‌ಬಾಲ್ ಆಟಗಾರ ಎಂ. ಕೆಂಪಯ್ಯ ಯಾರೆಂದು ಕೇಳಿದರೆ ಮಾತ್ರ, ಮೋಡ್ರಿಚ್‌ನ ಒಂದೊಂದು ಪಾಸನ್ನೂ ಬಲ್ಲ ನಮ್ಮ ಹುಡುಗರು ಸುಮ್ಮನಾಗುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತಲ್ಲ, ಆ ತಂಡದಲ್ಲಿ ಕೆಂಪಯ್ಯ ಇದ್ದರು. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಪಂದ್ಯ ಎಂದರೆ ಎಲ್ಲರಿಗೂ ನೆನಪಾಗುವುದು ನೆವಿಲ್ ಡಿಸೋಜಾ ಹೊಡೆದ ಮೂರು ಗೋಲು. ಗೋಲು ಹೊಡೆದವರ ಹೆಸರು ಉಳಿಯುತ್ತದೆ, ಚೆಂಡು ಕಿತ್ತುಕೊಟ್ಟವರದು ಅಳಿಸಿಹೋಗುತ್ತದೆ. ಕೆಂಪಯ್ಯ ಕಿತ್ತುಕೊಡುವವರು. ಇಂದು ಮಿಡ್‌ಫೀಲ್ಡರ್ ಎನ್ನುವವರನ್ನು ಆಗ ಹಾಫ್ ಎನ್ನುತ್ತಿದ್ದರು.

ಆ ಕಾಲದ ಡಬ್ಲ್ಯು–ಎಂ ವ್ಯೂಹದಲ್ಲಿ ಹಿಂದೆ ಮೂವರು ಬ್ಯಾಕ್‌ಗಳು, ಮುಂದೆ ಐವರು ಫಾರ್ವರ್ಡ್‌ಗಳು. ನಡುವಿನ ಅಷ್ಟಗಲ ಬಯಲಿಗೆಲ್ಲ ಹಾಫ್‌ಗಳು ಇಬ್ಬರೇ. ಎದುರಾಳಿಯ ಇನ್‌ಸೈಡ್ ಫಾರ್ವರ್ಡ್, ಅಂದರೆ ಅಂಚಿನವನಿಗೂ ನಡುವಿನವನಿಗೂ ಮಧ್ಯೆ ಆಡುವ ಮುಂದಾಳು, ಎತ್ತ ಹೊರಳಿದರೂ ಬೆನ್ನು ಬಿಡಬಾರದು. ಚೆಂಡು ಕಾಲಿಗೆ ದಕ್ಕಿತೋ, ಅದನ್ನು ಸಾಕುತ್ತ ಕೂರಬಾರದು, ತಲೆ ಎತ್ತಿ ತನ್ನವನು ಎಲ್ಲಿ ಬಿಡುವಾಗಿದ್ದಾನೆಂದು ಕಂಡು ಆ ಕ್ಷಣಕ್ಕೇ ತಲುಪಿಸಬೇಕು. ಕೊಟ್ಟ ಮೇಲೂ ನಿಲ್ಲುವಂತಿಲ್ಲ. ದಾಳಿ ಮುರಿದರೆ ಎದುರಾಳಿ ನುಗ್ಗುವುದು ಇವನು ಬಿಟ್ಟುಹೋದ ಜಾಗದಿಂದಲೇ. ಹಾಗಾಗಿ ಒಳ್ಳೆಯ ಹಾಫ್‌ನನ್ನು ಗುರುತಿಸಬೇಕಾದರೆ ಚೆಂಡು ಅವನಿಂದ ದೂರವಿದ್ದಾಗ ನೋಡಬೇಕು.

1960ರ ರೋಮ್‌ನಲ್ಲಿ ಕೋಚ್ ರಹೀಂ ಸಾಹೇಬರು ಈ ಹೊಣೆ ಹೊರಿಸಿದ್ದು ಕೆಂಪಯ್ಯ ಮತ್ತು ರಾಮ್ ಬಹದ್ದೂರ್ ಜೋಡಿಗೆ. ಅಲ್ಲಿ ಭಾರತಕ್ಕೆ ಸಿಕ್ಕಿದ್ದು ಅಂಥಿಂಥ ಗುಂಪಲ್ಲ. ಹಂಗರಿ ಪರ ಆಡಿದ ಫ್ಲೋರಿಯಾನ್ ಆಲ್ಬರ್ಟ್ 1967ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆನಿಸಿದ. ಆ ಹಂಗರಿ ನಮ್ಮನ್ನು ಗೆದ್ದದ್ದು 2–1ರಿಂದ ಮಾತ್ರ. ಫ್ರಾನ್ಸ್ ಜೊತೆ 1–1 ಡ್ರಾ. ಪೆರು ಎದುರು 1–3 ಸೋಲು. ಅಂಕಪಟ್ಟಿ ನೋಡಿದರೆ ಭಾರತ ಗುಂಪಿನ ತಳದಲ್ಲಿದೆ. ಆದರೂ ಹಂಗರಿ, ಫ್ರಾನ್ಸ್ ಎದುರಿನ ಆ ಎರಡು ಪಂದ್ಯಗಳು ನಮ್ಮ ಫುಟ್‌ಬಾಲಿನ ಅತ್ಯುತ್ತಮ ಆಟದ ಸಾಲಿಗೆ ಸೇರುತ್ತವೆಂದೇ ನನ್ನ ತೀರ್ಮಾನ.

ದೊಡ್ಡ ಫುಟ್‌ಬಾಲ್ ಆಡಬೇಕೆಂದರೆ ಆಗ ಕಲ್ಕತ್ತೆಗೇ ಹೋಗಬೇಕು. ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು, ಕೆಂಪಯ್ಯ ಮೋಹನ್ ಬಗಾನ್‌ಗೆ ಹೋಗಿ ಚುನಿ ಗೋಸ್ವಾಮಿ, ಜರ್ನೈಲ್ ಸಿಂಗ್ ಅವರ ಜೊತೆಗಾರರಾದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ತಂಡದಲ್ಲಿ ಅವರಿರಲಿಲ್ಲ. ರಾಮ್ ಬಹದ್ದೂರ್ ಇದ್ದರು, ಹಾಫ್ ಜಾಗಕ್ಕೆ ಫ್ರಾಂಕೋ ಬಂದಿದ್ದರು. ಆ ಪದಕವೊಂದು ಸಿಕ್ಕಿದ್ದರೆ ಹೆಸರು ಇಷ್ಟು ಮಾಸುತ್ತಿರಲಿಲ್ಲವೇನೋ.

ಸಂಜೆ ನಮ್ಮ ಮೈದಾನದಲ್ಲಿ ನೋಡಿ: ತಂಡ ಕಟ್ಟುವಾಗ ಮುಂದಾಳುಗಳನ್ನೇ ಮೊದಲು ಕರೆಯುತ್ತಾರೆ, ಮಿಕ್ಕವರನ್ನು ನಡುವೆ ತುಂಬುತ್ತಾರೆ. ಪಿ.ಟಿ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ದಣಿವರಿಯದ, ತಲೆ ಎತ್ತಿ ಆಡುವ ಹುಡುಗನನ್ನು ಮೊದಲು ಆರಿಸಿ ನಡುವೆ ನಿಲ್ಲಿಸಿ. ಅದು ಕೆಂಪಯ್ಯನವರ ಜಾಗವೆಂದೂ ಅವನಿಗೆ ಹೇಳಿ.