ಹಳದಿ ಕೇಕು ಮತ್ತು ನನ್ನ ಕೈಗುಣ

‘ಯೆಲ್ಲೋ ಕೇಕ್’ ಅಂತ ಗೂಗಲ್ ಮಾಡಿದರೆ ಯುರೇನಿಯಂ ಅದಿರಿನಿಂದ ತೆಗೆಯುವ ಪುಡಿಯೂ ಸಿಗುತ್ತೆ, ಹುಟ್ಟುಹಬ್ಬದ ಕೇಕೂ ಸಿಗುತ್ತೆ. ಎರಡರಲ್ಲಿ ಯಾವುದನ್ನು ಮನೆಯಲ್ಲಿ ಮಾಡೋದು ಸುಲಭ ಅನ್ನೋ ಬಗ್ಗೆ ಒಂದು ಕಾಲದಲ್ಲಿ ನನಗೆ ನಿಜಕ್ಕೂ ಅನುಮಾನ ಇತ್ತು.

ನಾನು ಹೇಳ್ತಿರೋದು ಎರಡನೆಯದರ ಬಗ್ಗೆ. ಅಮೆರಿಕದವರ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಮಾಡುವ, ಸಾಮಾನ್ಯವಾಗಿ ಮೇಲೆ ಚಾಕೊಲೇಟ್ ಫ್ರಾಸ್ಟಿಂಗ್ ಬಳಿಯುವ ಸಾದಾ ಬೆಣ್ಣೆ ಕೇಕು. ಮೊಟ್ಟೆಯ ಬಿಳಿ ಮಾತ್ರ ಹಾಕಿದರೆ ಅವರಿಗೆ ಅದು ವೈಟ್ ಕೇಕ್, ಹಳದಿ ಹಾಕಿದರೆ ಯೆಲ್ಲೋ ಕೇಕ್. ಹೆಸರಲ್ಲಿ ಇದಕ್ಕಿಂತ ದೊಡ್ಡ ಗುಟ್ಟೇನಿಲ್ಲ. ಗುಟ್ಟು ಇರೋದು ರೆಸಿಪಿಗಳ ತಲೆಬರಹದಲ್ಲಿರುವ ಎರಡು ವಿಶೇಷಣಗಳಲ್ಲಿ: ತೇವ ಇರಬೇಕು, ಹಗುರವೂ ಇರಬೇಕು. ಇವೆರಡೂ ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳುವ ಜಾತಿಯವಲ್ಲ. ಕೊಬ್ಬು, ಸಕ್ಕರೆ, ದ್ರವ ಹೆಚ್ಚಿಸಿದರೆ ತೇವ ಬರುತ್ತೆ, ಆದರೆ ಅದೇ ಭಾರಕ್ಕೆ ಕೇಕು ಕುಸಿಯುತ್ತೆ. ಗಾಳಿ ಹೆಚ್ಚಿಸಿದರೆ ಹಗುರ ಆಗುತ್ತೆ, ಮರುದಿನಕ್ಕೆ ಒಣಗುತ್ತೆ. ಎರಡನ್ನೂ ಒಟ್ಟಿಗೆ ಕೊಡ್ತೀನಿ ಅನ್ನೋ ರೆಸಿಪಿ ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಂಡಿದೆ ಅಂತ ಹೇಳಬೇಕು. ಹೆಚ್ಚಿನವು ಹೇಳೋದಿಲ್ಲ.

ತಂಗಿಯ ಹುಟ್ಟುಹಬ್ಬಕ್ಕೆ ನಾನು ಮಾಡಿದ್ದು ಅಂಥದ್ದೇ ಒಂದು. ಓವನ್ ಗಾಜಿನೊಳಗೆ ಚೆನ್ನಾಗಿ ಉಬ್ಬಿತು. ಅಮ್ಮನನ್ನು ಕರೆದು ತೋರಿಸಿದೆ. ಹತ್ತು ನಿಮಿಷದಲ್ಲಿ ನಡುವೆ ಬಾವಿಯ ಹಾಗೆ ಇಳಿಯಿತು. ತಂಗಿ ಪಾಪ, ಗುಂಡಿಗೆ ಕ್ರೀಮ್ ತುಂಬಿ ಫೋಟೋ ತೆಗೆಸಿಕೊಂಡಳು. ಇನ್ನೆರಡು ಸಲ ಬೇರೆ ಬೇರೆ ರೆಸಿಪಿ ಹಿಡಿದು ಮಾಡಿದೆ. ಒಂದು ಗುಂಡಿ ಬಿತ್ತು, ಇನ್ನೊಂದು ತಿಂದರೆ ಗಂಟಲಲ್ಲೇ ಕೂತಿತು. ‘ಕೆಲವರಿಗೆ ಕೈಗುಣ ಇರುತ್ತೆ, ಕೆಲವರಿಗೆ ಇರಲ್ಲ, ಬಿಡೇ’ ಅಂದರು ಅಮ್ಮ, ಸಮಾಧಾನಕ್ಕೇ. ನಾನು ಒಂದು ವರ್ಷ ಓವನ್ ಮುಟ್ಟಲಿಲ್ಲ. ರೆಸಿಪಿ ತಪ್ಪಿರಬಹುದು ಅಂತ ನನಗೆ ಒಮ್ಮೆಯೂ ಹೊಳೆಯಲಿಲ್ಲ ಅನ್ನೋದು ಈಗ ಆಶ್ಚರ್ಯ. ಆಫೀಸಿನಲ್ಲಿ ಕೋಡ್ ಓಡದಿದ್ದರೆ ಮೊದಲು ಡಾಕ್ಯುಮೆಂಟೇಶನ್ ಮೇಲೆ ರೇಗುವವಳು ನಾನು.

ನಮ್ಮ ಅಡುಗೆ ಪುಸ್ತಕಗಳೂ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತಲೇ ಬರೆಯೋದು, ಅದಕ್ಕೇನೀಗ ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಮೈಸೂರು ಪಾಕಿಗೆ ‘ಒಂದೆಳೆ ಪಾಕ’ ಅಂದರೆ ಬೆರಳುಗಳ ನಡುವೆ ಎಳೆದು ನೋಡಬಹುದು. ತಪ್ಪಿದರೆ ಬಾಣಲೆ ಮುಂದೆಯೇ ಗೊತ್ತಾಗುತ್ತೆ, ಪಕ್ಕದಲ್ಲಿ ನಿಂತ ದೊಡ್ಡಮ್ಮ ಹೇಳ್ತಾರೆ. ಕೇಕಿಗೆ ಆ ಅವಕಾಶ ಇಲ್ಲ. ಓವನ್ ಬಾಗಿಲು ಹಾಕಿದ ಮೇಲೆ ಹದ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಕೇಕಿನ ರೆಸಿಪಿಗೆ ಜವಾಬ್ದಾರಿ ಜಾಸ್ತಿ. ‘ಮೂರು ಕಪ್ ಹಿಟ್ಟು’ ಅನ್ನೋದನ್ನೇ ನೋಡಿ. ಜರಡಿ ಹಿಡಿದ ಅಮೆರಿಕನ್ ಕೇಕ್ ಫ್ಲೋರ್ ಮೂರು ಕಪ್ ಅಂದರೆ ಸುಮಾರು 300 ಗ್ರಾಂ. ನಮ್ಮ ಮೈದಾ ಡಬ್ಬಕ್ಕೆ ಕಪ್ಪು ಅದ್ದಿ ಒತ್ತಿ ತುಂಬಿದರೆ ಮೂರು ಕಪ್ಪಿಗೆ 400 ಗ್ರಾಂ ದಾಟುತ್ತೆ. ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಟ್ಟು ಜಾಸ್ತಿ ಬಿದ್ದ ಮೇಲೆ ಗಂಟಲಲ್ಲಿ ಕೂರದೆ ಇನ್ನೇನು ಮಾಡೀತು?

ನನ್ನನ್ನು ಓವನ್ ಹತ್ತಿರ ವಾಪಸ್ ಕರೆತಂದದ್ದು ರೋಸ್ ಲೆವಿ ಬೆರನ್‌ಬಾಮ್ ಬರೆದ ‘ದ ಕೇಕ್ ಬೈಬಲ್’. 1988ರ ಪುಸ್ತಕ. ಈಕೆ ಸ್ನಾತಕೋತ್ತರ ಪ್ರಬಂಧ ಬರೆದದ್ದೇ, ಹಿಟ್ಟನ್ನು ಜರಡಿ ಹಿಡಿಯೋದರಿಂದ ಹಳದಿ ಕೇಕಿನ ಗುಣಮಟ್ಟ ಬದಲಾಗುತ್ತದೆಯೇ ಅನ್ನೋ ಪ್ರಶ್ನೆಯ ಮೇಲೆ. ಇಂಥ ಹೆಂಗಸನ್ನು ನಾನು ನಂಬ್ತೀನಿ. ಪುಸ್ತಕದಲ್ಲಿ ‘ಆಲ್ ಆಕೇಶನ್ ಡೌನಿ ಯೆಲ್ಲೋ ಬಟರ್ ಕೇಕ್’ ಅಂತ ಒಂದಿದೆ. ಆರು ಮೊಟ್ಟೆಯ ಹಳದಿ, ಒಂದು ಕಪ್ ಹಾಲು, 300 ಗ್ರಾಂ ಕೇಕ್ ಫ್ಲೋರ್, 300 ಗ್ರಾಂ ಸಕ್ಕರೆ, 170 ಗ್ರಾಂ ಉಪ್ಪಿಲ್ಲದ ಬೆಣ್ಣೆ, ನಾಲ್ಕು ಟೀ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಟೀ ಚಮಚ ಉಪ್ಪು, ವೆನಿಲ್ಲಾ. ಕಪ್ಪಿನ ಅಳತೆಯ ಪಕ್ಕದಲ್ಲೇ ತೂಕ. ಹಳದಿಗೂ ತೂಕ ಇದೆ: ಆರಕ್ಕೆ 112 ಗ್ರಾಂ.

ವಿಧಾನ ಇನ್ನೂ ಸ್ವಾರಸ್ಯ. ಸಾಮಾನ್ಯವಾಗಿ ಬೆಣ್ಣೆ ಸಕ್ಕರೆ ನೊರೆನೊರೆಯಾಗುವ ತನಕ ಬೀಟ್ ಮಾಡಿ ಅಂತಾರಲ್ಲ, ಆ ‘ನೊರೆನೊರೆ’ ಎಷ್ಟು ಹೊತ್ತಿಗೆ ಅಂತ ಯಾರೂ ಹೇಳಲ್ಲ, ಬೆಣ್ಣೆ ಬೆಚ್ಚಗಾದರೆ ಬರೋದೇ ಇಲ್ಲ. ಇಲ್ಲಿ ಉಲ್ಟಾ. ಹಿಟ್ಟು, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪು ಬೆರೆಸಿ, ಅದಕ್ಕೇ ಮೆತ್ತಗಿನ ಬೆಣ್ಣೆ ಮತ್ತು ಮುಕ್ಕಾಲು ಪಾಲು ಹಾಲು ಹಾಕಿ ಒಂದೂವರೆ ನಿಮಿಷ ಬೀಟರ್ ಓಡಿಸೋದು. ಆಮೇಲೆ ಹಳದಿಯನ್ನು ಉಳಿದ ಹಾಲಿನ ಜೊತೆ ಕಲಸಿ ಮೂರು ಕಂತಲ್ಲಿ ಸೇರಿಸೋದು, ಪ್ರತಿ ಕಂತಿಗೂ ಇಪ್ಪತ್ತು ಸೆಕೆಂಡ್. ಬೆಣ್ಣೆ ಮೊದಲೇ ಹಿಟ್ಟಿನ ಕಣಕ್ಕೆ ಮೆತ್ತಿಕೊಳ್ಳೋದರಿಂದ ಹಿಟ್ಟಿನ ಪ್ರೋಟೀನಿಗೆ ನೀರು ಸುಲಭವಾಗಿ ಸಿಗಲ್ಲ, ಗ್ಲೂಟೆನ್ ಜಾಸ್ತಿ ಕಟ್ಟಲ್ಲ, ಕೇಕು ಅಂಟಾಗಲ್ಲ. ಉಬ್ಬೋದು ಸ್ವಲ್ಪ ಕಮ್ಮಿ, ಆದರೆ ಕತ್ತರಿಸಿದಾಗ ಕಾಣುವ ರಂಧ್ರಗಳು ಸಣ್ಣ ರವೆಯಷ್ಟು, ಒಂದೇ ಸಮ. ಕೊಟ್ಟ ನಿಮಿಷಗಳ ಹಿಂದೆ ಕಾರಣ ಇದೆ. ಕಾರಣ ಗೊತ್ತಾದವಳು ತನ್ನ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಈ ಪುಸ್ತಕ ನನಗೆ ಕೊಟ್ಟದ್ದು ಕೇಕಿಗಿಂತ ಹೆಚ್ಚಾಗಿ ಇದನ್ನೇ.

ಯಾಕೆಂದರೆ ಬದಲಾಯಿಸಬೇಕಾದ್ದು ಬಹಳ ಇತ್ತು. ನಮ್ಮ ಬೀದಿಯ ಅಂಗಡಿಯ ಮೊಟ್ಟೆ ಒಡೆದು ತೂಗಿದೆ: ಹಳದಿ ಹದಿನೈದು ಗ್ರಾಂ. ಆರು ಹಾಕಿದರೆ 90, ಬೇಕಾದ್ದು 112. ಅಲ್ಲಿಗೆ ಆರಲ್ಲ, ಏಳು ಮೊಟ್ಟೆ, ಜೊತೆಗೆ ಚೂರು. ನಮ್ಮ ಸಕ್ಕರೆಯ ಹರಳು ದಪ್ಪ, ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಬೇಕು, ನುಣ್ಣಗೆ ಪುಡಿ ಆಗಬಾರದು. ಕೇಕ್ ಫ್ಲೋರ್‌ನಲ್ಲಿ ಪ್ರೋಟೀನ್ ಏಳೆಂಟು ಪರ್ಸೆಂಟ್ ಮಾತ್ರ, ನಮ್ಮ ಮೈದಾದಲ್ಲಿ ಅದಕ್ಕಿಂತ ಜಾಸ್ತಿ. ಹಾಗಾಗಿ 300ರಲ್ಲಿ 40 ಗ್ರಾಂ ಕಾರ್ನ್‌ಫ್ಲೋರ್. ಇದು ಜುಗಾಡ್, ಪೂರ್ತಿ ಪರಿಹಾರ ಅಲ್ಲ. ಅಮೆರಿಕದ ಕೇಕ್ ಫ್ಲೋರಿಗೆ ಸಾಮಾನ್ಯವಾಗಿ ಕ್ಲೋರಿನ್ ಹಾಯಿಸಿರುತ್ತಾರೆ, ಅದರ ಪಿಷ್ಟ ಹೆಚ್ಚು ನೀರು, ಹೆಚ್ಚು ಬೆಣ್ಣೆ ಹಿಡಿದುಕೊಳ್ಳುತ್ತೆ. ಕಾರ್ನ್‌ಫ್ಲೋರ್ ಆ ಕೆಲಸ ಮಾಡಲ್ಲ. ಯುರೋಪಿನಲ್ಲಿ ಆ ಕ್ಲೋರಿನ್ ಹಿಟ್ಟಿಗೆ ಅನುಮತಿಯೇ ಇಲ್ಲ, ಅಲ್ಲಿಯವರೂ ನಮ್ಮ ಹಾಗೇ ಒದ್ದಾಡ್ತಾರೆ ಅನ್ನೋದೊಂದು ಸಮಾಧಾನ.

ಆದರೆ ಗುಂಡಿಗೆ ಕಾರಣ ಇದ್ಯಾವುದೂ ಅಲ್ಲ, ಬೆಂಗಳೂರು. ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ ಕೂತಿದ್ದೀವಿ, ಹತ್ತಿರ ಹತ್ತಿರ 3000 ಅಡಿ. ಅಮೆರಿಕದ ಬೇಕಿಂಗ್ ಸಲಹೆಗಳಲ್ಲಿ ‘ಎತ್ತರದ ಊರು’ ಶುರುವಾಗೋದು ಸಾಮಾನ್ಯವಾಗಿ ಇಲ್ಲಿಂದಲೇ. ನೀರು ನಮ್ಮಲ್ಲಿ ಕುದಿಯೋದು ಸುಮಾರು 97 ಡಿಗ್ರಿಗೆ. ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಹಿಟ್ಟಿನೊಳಗಿನ ಗುಳ್ಳೆಗಳು ಬೇಗ, ದೊಡ್ಡದಾಗಿ ಹಿಗ್ಗುತ್ತವೆ. ಗೋಡೆ ಗಟ್ಟಿಯಾಗೋ ಮೊದಲೇ ಚಾವಣಿ ಎತ್ತಿದ ಹಾಗೆ, ಕುಸಿಯುತ್ತೆ. ನಾಲ್ಕು ಚಮಚ ಬೇಕಿಂಗ್ ಪೌಡರನ್ನು ಮೂರೂವರೆಗೆ ಇಳಿಸಿದೆ. ಗುಂಡಿ ಹೋಯಿತು. ಅರ್ಧ ಚಮಚ! ಒಂದು ವರ್ಷ ನಾನು ಕೈಗುಣ ಅಂದುಕೊಂಡದ್ದು ಅರ್ಧ ಚಮಚ ಬೇಕಿಂಗ್ ಪೌಡರ್. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಹೌದಾ, ಮತ್ತೆ ಇಡ್ಲಿ ಯಾಕೆ ಚೆನ್ನಾಗಿ ಬರುತ್ತೆ?’ ಅಂದರು. ಅವರ ಇಡ್ಲಿ ಹಿಟ್ಟು ಇದೇ ಊರಲ್ಲಿ ಹುಟ್ಟಿ ಬೆಳೆದದ್ದು, ಅದಕ್ಕೆ.

ಇಷ್ಟು ಹೊಗಳಿದ ಮೇಲೆ ಜಗಳ. ಈ ಕೇಕು ಹಗುರವೇ, ಒಪ್ಪಿದೆ. ಮಾಡಿದ ದಿನ ಸಂಜೆ ಇದರಷ್ಟು ಚೆನ್ನಾದ ಬೆಣ್ಣೆ ಕೇಕನ್ನು ನಾನು ತಿಂದಿಲ್ಲ. ಆದರೆ ತೇವ? ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಇಟ್ಟಿಗೆ. ತೇವ ಅಂತ ನಮ್ಮ ನಾಲಿಗೆ ಗುರುತಿಸೋದು ಬರೀ ನೀರನ್ನಲ್ಲ, ದ್ರವವಾಗಿರುವ ಕೊಬ್ಬನ್ನೂ. ಬೆಣ್ಣೆ ಚಳಿಗೆ ಗಟ್ಟಿಯಾಗುತ್ತೆ, ಎಣ್ಣೆ ಆಗಲ್ಲ. ಡಬ್ಬಿ ಮಿಕ್ಸ್‌ನ ಕೇಕು ಮೂರು ದಿನ ಮೆತ್ತಗಿರೋದು ಅದರಲ್ಲಿ ಎಣ್ಣೆ ಮತ್ತು ಎಮಲ್ಸಿಫೈಯರ್ ಇರೋದರಿಂದ. ಈ ವಿಷಯದಲ್ಲಿ ಬೆಣ್ಣೆಯ ಪಕ್ಷದವರು ಡಬ್ಬಿಗೆ ಸೋತಿದ್ದಾರೆ, ಒಪ್ಪಿಕೊಳ್ಳಲು ಮನಸ್ಸಿಲ್ಲ ಅಷ್ಟೇ.

ಡಬ್ಬಿಯ ಬಗ್ಗೆ ಒಂದು ಕಥೆ ನೀವು ಮಾರ್ಕೆಟಿಂಗ್ ಟ್ರೇನಿಂಗ್‌ನಲ್ಲಿ ಕೇಳಿರ್ತೀರಿ. ಬರೀ ನೀರು ಹಾಕಿ ಕೇಕ್ ಮಾಡೋದಕ್ಕೆ ಗೃಹಿಣಿಯರಿಗೆ ಅಪರಾಧಪ್ರಜ್ಞೆ ಕಾಡ್ತಿತ್ತಂತೆ, 1950ರ ದಶಕದಲ್ಲಿ ಅರ್ನೆಸ್ಟ್ ಡಿಕ್ಟರ್ ಅನ್ನೋ ಮನಶ್ಶಾಸ್ತ್ರಜ್ಞ ‘ಮೊಟ್ಟೆ ಅವರೇ ಒಡೆದು ಹಾಕಲಿ’ ಅಂದನಂತೆ, ಮಾರಾಟ ಏರಿತಂತೆ. ಚೆಂದದ ಸ್ಲೈಡ್. ಆದರೆ ಪಿಟ್ಸ್‌ಬರ್ಗ್‌ನ ಡಫ್ ಕಂಪನಿ 1930ರ ದಶಕದ ತನ್ನ ಪೇಟೆಂಟ್‌ನಲ್ಲೇ ತಾಜಾ ಮೊಟ್ಟೆ ಹಾಕುವ ಮಿಕ್ಸ್ ವಿವರಿಸಿತ್ತು. ಮೊಟ್ಟೆಯ ಪುಡಿಗಿಂತ ತಾಜಾ ಮೊಟ್ಟೆಯ ಕೇಕು ಚೆನ್ನಾಗಿರುತ್ತೆ, ಅಷ್ಟು ಸಾಲದಾ? ಅಡುಗೆಮನೆಯ ಪ್ರತಿ ತಾಂತ್ರಿಕ ಪ್ರಶ್ನೆಗೂ ಹೆಂಗಸಿನ ಮನಸ್ಸಿನಲ್ಲೇ ಕಾರಣ ಹುಡುಕುವ ಈ ಚಾಳಿ ನೋಡಿದಾಗೆಲ್ಲ ನನಗೆ ನನ್ನ ಕೈಗುಣ ನೆನಪಾಗುತ್ತೆ.

ಈಗ ನಾನು 170 ಗ್ರಾಂ ಬೆಣ್ಣೆಯಲ್ಲಿ 40 ತೆಗೆದು 35 ಗ್ರಾಂ ಎಣ್ಣೆ ಹಾಕ್ತೀನಿ. ಬೆಣ್ಣೆಯ ಘಮ ಒಂದು ಕೂದಲೆಳೆ ಕಮ್ಮಿ. ಮರುದಿನ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟರೆ ಚಮಚ ಸಲೀಸಾಗಿ ಇಳಿಯುತ್ತೆ. ಬೆರನ್‌ಬಾಮ್ ಒಪ್ತಾರೋ ಇಲ್ಲವೋ, ತಂಗಿ ಒಪ್ಪಿದ್ದಾಳೆ, ಈ ಸಲ ಗುಂಡಿ ಇಲ್ಲದ್ದಕ್ಕೆ ಕ್ರೀಮ್ ಕಮ್ಮಿ ಆಯ್ತು ಅನ್ನೋದೊಂದೇ ಅವಳ ದೂರು.

ಉಳಿದಿರೋದು ಸ್ಟೀಲ್ ಡಬ್ಬಿಯಲ್ಲಿ ಏಳು ಮೊಟ್ಟೆಯ ಬಿಳಿ. ಅದೇ ಪುಸ್ತಕದಲ್ಲಿ ವೈಟ್ ವೆಲ್ವೆಟ್ ಬಟರ್ ಕೇಕ್ ಅಂತಿದೆ, ಬರೀ ಬಿಳಿ ಹಾಕುವಂಥದ್ದು. ನಾಲ್ಕೂವರೆ ಬೇಕಂತೆ. ಅರ್ಧ ಮೊಟ್ಟೆಯ ಬಿಳಿ! ಪಕ್ಕದಲ್ಲಿ 135 ಗ್ರಾಂ ಅಂತ ಇದೆ ಅನ್ನಿ. ನಮ್ಮ ಲೆಕ್ಕಕ್ಕೆ ಐದಾಗುತ್ತೋ ಐದೂವರೆ ಆಗುತ್ತೋ, ಶನಿವಾರ ತೂಗಿ ನೋಡಬೇಕು.