ಉಡುಪಿ ಲೋಕಸಭಾಕ್ಷೇತ್ರ: ‘ಕಾಂಗ್ರೆಸ್ಸಿನ ಕೋಟೆ’ ಎಂಬ ಮಾತಿನ ವಿಚಾರ

ಉಡುಪಿ ಎಂಬ ಹೆಸರಿನ ಲೋಕಸಭಾಕ್ಷೇತ್ರವು 1957ರಲ್ಲಿ ಏರ್ಪಟ್ಟು 2008ರ ಪುನರ್ವಿಂಗಡಣೆಯಲ್ಲಿ ಲಯವಾಯಿತು. ಇದು ಕಾಂಗ್ರೆಸ್ಸಿನ ಕೋಟೆಯಾಗಿತ್ತೆಂದು ಹೇಳುವುದು ವಾಡಿಕೆ. ನಡೆದ 13 ಸಾರ್ವತ್ರಿಕ ಚುನಾವಣೆಗಳಲ್ಲಿ 10ನ್ನು ಆ ಪಕ್ಷವು ಗೆದ್ದುದರಿಂದ ಮೇಲುನೋಟಕ್ಕೆ ಈ ಮಾತು ಸರಿಯೆಂದೇ ತೋರುವುದು. ಆದರೆ ಕೋಟೆಯೆಂದ ಮೇಲೆ ನೆಲವೂ ಕಾವಲಿನವರೂ ಒಂದೇ ಆಗಿರಬೇಕಷ್ಟೆ. ಇಲ್ಲಿ ಎರಡೂ ಹಾಗೆ ಉಳಿಯಲಿಲ್ಲ.

ಉಡುಪಿ ಪಟ್ಟಣದ ಬನ್ನಂಜೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ಮತದಾರನು 1952ರಲ್ಲಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಉತ್ತರ ಕ್ಷೇತ್ರದವನು. 1957ರಲ್ಲಿ ಮೈಸೂರು ರಾಜ್ಯದ ಉಡುಪಿ ಕ್ಷೇತ್ರದವನು. 2009ರಲ್ಲಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರದವನು. 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾದ ಬಳಿಕವೂ ಜಿಲ್ಲೆಯ ಎಲ್ಲೆ ಬೇರೆ, ಕ್ಷೇತ್ರದ ಎಲ್ಲೆ ಬೇರೆಯಾಗಿಯೇ ಇದ್ದುವು.

ಮೊದಲ ಮೂರು ಚುನಾವಣೆಗಳಲ್ಲಿ, ಎಂದರೆ 1952, 1957, 1962ರಲ್ಲಿ, ಗೆದ್ದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಅವರ ಗೆಲವನ್ನು ಅವರು ಮಾಡಿಸಿದ ಕೆಲಸಗಳಿಂದ ವಿವರಿಸುವುದುಂಟು. ಆದರೆ ಅವರ ಹೆಸರಿನೊಡನೆ ಸೇರಿಬಂದ ಪಣಂಬೂರಿನ ಬಂದರು, ಬಜಪೆಯ ವಿಮಾನನಿಲ್ದಾಣ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಇವೆಲ್ಲ ಮಂಗಳೂರು ತಾಲೂಕಿನವು. ಮಲ್ಯರು ಇಡೀ ಜಿಲ್ಲೆಯ ಪ್ರತಿನಿಧಿಯಂತೆ ನಡೆದುಕೊಂಡವರೆಂಬುದೇ ಇದರಿಂದ ಸಿದ್ಧಿಸುತ್ತದೆ. 1965ರಲ್ಲಿ ಅವರು ತೀರಿಕೊಂಡರು. ಮುಂದಿನ ಚುನಾವಣೆಯಲ್ಲೇ, 1967ರಲ್ಲಿ, ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭುಗಳು ಗೆದ್ದರು. 1968ರಲ್ಲಿ ಉಡುಪಿಯ ಪುರಸಭೆಯು ಜನಸಂಘದ ಕೈಸೇರಿ ವಿ. ಎಸ್. ಆಚಾರ್ಯರು ಅಧ್ಯಕ್ಷರಾದರು. 1998ರಲ್ಲಿ ಭಾರತೀಯ ಜನತಾ ಪಕ್ಷವು ಇಲ್ಲಿ ಹಠಾತ್ತನೆ ತಲೆಯೆತ್ತಿತೆನ್ನುವವರು ಈ ಮೂವತ್ತು ವರ್ಷ ಹಿಂದಿನ ಸಂಗತಿಯನ್ನು ಮರೆತಂತಿದೆ.

1971ರಲ್ಲಿ ಪಿ. ರಂಗನಾಥ ಶೆಣೈಯವರಿಂದ ಸ್ಥಾನವು ಕಾಂಗ್ರೆಸ್ಸಿಗೆ ಮರಳಿತು. ಆದರೆ ಅದು 1969ರಲ್ಲಿ ಒಡೆದ ಮೇಲಿನ ಕಾಂಗ್ರೆಸ್ಸು. 1980ರಲ್ಲಿ ಗೆದ್ದುದು 1978ರಲ್ಲಿ ಮತ್ತೆ ಒಡೆದು ಬಂದುದು. ಹೆಸರೊಂದೇ ಎಂಬ ಕಾರಣದಿಂದ ಇವನ್ನೆಲ್ಲ ಒಂದೇ ಸಾಲಿನಲ್ಲಿ ಎಣಿಸುವುದು ಎಷ್ಟರ ಮಟ್ಟಿಗೆ ಸರಿ?

1977ರ ಫಲಿತಾಂಶವು ವಿಶೇಷವಾಗಿ ಪರಿಶೀಲನಾರ್ಹ. ಉತ್ತರ ಹಿಂದೂಸ್ಥಾನದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದ ಆ ವರ್ಷ ಇಲ್ಲಿ ಟಿ. ಎ. ಪೈಯವರು ಗೆದ್ದರು. ಮಣಿಪಾಲದ ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದವರೆಂಬ ಅವರ ಕೀರ್ತಿಯೇ ಇದಕ್ಕೆ ಕಾರಣವೆಂಬ ಅಭಿಪ್ರಾಯವುಂಟು. ಕೀರ್ತಿಯು ಅಲ್ಲಗಳೆಯತಕ್ಕದ್ದಲ್ಲ. ಆದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದಿರಲು ಉಡುಪಿಗೊಂದಕ್ಕೆ ಬೇರೆ ಕಾರಣವನ್ನು ಹುಡುಕುವುದು ಅನಾವಶ್ಯಕ. ದೇವರಾಜ ಅರಸರ ಕಾಲದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿಯೇ ಪ್ರಧಾನವಾಗಿದ್ದ ಈ ಕರಾವಳಿಯಲ್ಲಿ ನಾಟಿದಷ್ಟು ಆಳವಾಗಿ ಬೇರೆಡೆಗಳಲ್ಲಿ ನಾಟಲಿಲ್ಲ. ಚಾಲಗೇಣಿಯ ಒಕ್ಕಲು ಭೂನ್ಯಾಯಮಂಡಳಿಯ ಮುಂದೆ ನಿಂತು ತಾನು ಉತ್ತ ಗದ್ದೆಗೆ ತಾನೇ ಒಡೆಯನಾದ ಕಾಲವದು. ಬ್ಯಾಂಕಿನ ಸಾಲಕ್ಕಿಂತ ಈ ಹಕ್ಕೇ ಹೆಚ್ಚಿನ ಮತಗಳನ್ನು ತಂದಿರಬೇಕು. ಆ ವರ್ಷ ರಾಜ್ಯದಲ್ಲಿ ಜನತಾ ಪಕ್ಷಕ್ಕೆ ದೊರೆತ ಎರಡು ಸ್ಥಾನಗಳಲ್ಲಿ ಒಂದಾದ ಬೆಂಗಳೂರು ದಕ್ಷಿಣವನ್ನು ಗೆದ್ದ ಕೆ. ಎಸ್. ಹೆಗ್ಡೆಯವರು ಕಾರ್ಕಳ ತಾಲೂಕಿನ ಕೌಡೂರಿನವರೆಂಬುದು ಇಲ್ಲಿ ಸ್ಮರಣೀಯ.

1980ರಿಂದ 1996ರ ವರೆಗೆ ಐದು ಸಲ ಆಸ್ಕರ್ ಫರ್ನಾಂಡಿಸರು ಆರಿಸಿಬಂದರು. ಲೋಬೊ ಪ್ರಭುಗಳನ್ನೂ ಸೇರಿಸಿದರೆ, ಕ್ರೈಸ್ತರು ಅಲ್ಪಸಂಖ್ಯಾತರಾದ, ಅಷ್ಟಮಠಗಳ ಊರಿನ ಹೆಸರನ್ನೇ ಹೊತ್ತ ಕ್ಷೇತ್ರದಲ್ಲಿ ಕ್ರೈಸ್ತ ಅಭ್ಯರ್ಥಿಗಳು ಎರಡು ಬೇರೆ ಪಕ್ಷಗಳಿಂದ ಆರು ಸಲ ಗೆದ್ದಂತಾಯಿತು. ಜಾತಿಮತಗಳ ಲೆಕ್ಕದಿಂದಲೇ ಎಲ್ಲವನ್ನೂ ಬಿಡಿಸುವೆವೆನ್ನುವವರು ಇದಕ್ಕೆ ಮೊದಲು ಉತ್ತರ ಹೇಳಬೇಕು.

ಕೊನೆಯ ಮೂರು ಚುನಾವಣೆಗಳಲ್ಲಿ ಸ್ಥಾನವು ಪ್ರತಿಸಲವೂ ಕೈಬದಲಾಯಿಸಿತು: 1998ರಲ್ಲಿ ಭಾಜಪದ ಐ. ಎಂ. ಜಯರಾಮ ಶೆಟ್ಟರು, 1999ರಲ್ಲಿ ಕಾಂಗ್ರೆಸ್ಸಿನ ವಿನಯಕುಮಾರ ಸೊರಕೆಯವರು, 2004ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಭಾಜಪಕ್ಕೆ ಬಂದ ಮನೋರಮಾ ಮಧ್ವರಾಜರು.

ಅನಂತರ ಬೈಂದೂರು ಶಿವಮೊಗ್ಗೆಗೂ ಮೂಡುಬಿದಿರೆ ದಕ್ಷಿಣ ಕನ್ನಡಕ್ಕೂ ಹೋದುವು. ಬ್ರಹ್ಮಾವರ ವಿಧಾನಸಭಾಕ್ಷೇತ್ರವೇ ಇಲ್ಲವಾಯಿತು. ಘಟ್ಟದ ಮೇಲಣ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಬಂದು ಸೇರಿದುವು. ಮಲ್ಪೆಯ ದೋಣಿಯವರಿಗೂ ಮೂಡಿಗೆರೆಯ ಕಾಫಿ ಬೆಳೆಯುವವರಿಗೂ ಒಬ್ಬರೇ ಸದಸ್ಯರಾದರು. 2009ರಲ್ಲಿ ಡಿ. ವಿ. ಸದಾನಂದ ಗೌಡರು ಗೆದ್ದುದನ್ನು ಉಡುಪಿಯ ಕೋಟೆಯ ಪತನವೆಂದು ಬಣ್ಣಿಸುವುದು ಆದುದರಿಂದ ಸಾಧುವಲ್ಲ. ಮತ ಕೊಟ್ಟವರಲ್ಲಿ ಬಹುಮಂದಿ ಆ ಹಳೆಯ ಕ್ಷೇತ್ರದವರೇ ಅಲ್ಲ. ಹಿಂದುಮುಂದಿನ ಅಂಕೆಗಳನ್ನು ಹೋಲಿಸಬೇಕಾದರೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಈ ನಾಲ್ಕರ ಮತಗಳನ್ನು ಮಾತ್ರ ಬೇರ್ಪಡಿಸಿಕೊಳ್ಳಬೇಕು. ಅವುಗಳ ಎಲ್ಲೆಗಳೂ 2008ರಲ್ಲಿ ಹಿಂದಿದ್ದಂತೆ ಉಳಿಯಲಿಲ್ಲವೆಂಬುದನ್ನು ಅಲ್ಲಿಯೂ ಗಣನೆಗೆ ತರಬೇಕು.